ಕಾಲು ನಡೆದರೆ ತಲೆಗೇನು ಲಾಭ?



ಅಕ್ಷರ ಕಲಿಯಲು ಬರುವ ಹೆಂಗಸರ ಬಾಯಲ್ಲಿ ನಾವು ಮತ್ತೆ ಮತ್ತೆ ಕೇಳುವ ಒಂದು ಮಾತಿದೆ. "ನಮಗೆ ಇನ್ನೇನು ತಲೆಗೆ ಹತ್ತುತ್ತೆ ಬಿಡಿ. ವಯಸ್ಸಾಯ್ತು. ನಿನ್ನೆ ಕಲಿತ ಒತ್ತಕ್ಷರ ಇವತ್ತು ಮರೆತೇ ಹೋಗಿರುತ್ತೆ."

ಕೆಂಗೇರಿ ಉಪನಗರದಲ್ಲೂ ಇದೇ ಮಾತು. ನಾಲ್ಕು ಮನೆ ಪಾತ್ರೆ ತೊಳೆದು ಬರುವವರು ಹೇಳ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವವರು ಹೇಳ್ತಾರೆ. ಹೂವು ಕಟ್ಟಿ ಮಾರುವವರೂ ಹೇಳ್ತಾರೆ.

ಈ ಮಾತನ್ನು ನಾವು ಒಪ್ಪುವುದಿಲ್ಲ. ಮರೆವು ಬರುವುದು ನಿಜ. ಆದರೆ ತಲೆ ಅನ್ನೋದು ಕಲ್ಲಲ್ಲ. ಅದರೊಳಗಿನ ಮೆದುಳು ನಾವು ಬದುಕಿರುವವರೆಗೂ ಬದಲಾಗುತ್ತಲೇ ಇರುತ್ತೆ.

ಇದಕ್ಕೆ ಸಾಕ್ಷಿ ಇದೆ. ಉತ್ತರ ಪ್ರದೇಶದ ಲಕ್ನೋ ಹತ್ತಿರದ ಹಳ್ಳಿಗಳಲ್ಲಿ ಓದು ಬರಹ ಬಾರದ ದೊಡ್ಡವರಿಗೆ ಆರು ತಿಂಗಳು ಹಿಂದಿ ಅಕ್ಷರ ಕಲಿಸಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಕಲಿಯುವ ಮೊದಲು ಒಂದು ಸಲ, ಕಲಿತ ಮೇಲೆ ಇನ್ನೊಂದು ಸಲ ಅವರ ತಲೆಯನ್ನು ಸ್ಕ್ಯಾನ್ ಮಾಡಿ ನೋಡಿದರು. ಮೆದುಳಿನ ತೀರಾ ಒಳಗಿನ ಭಾಗಗಳು ಕೂಡ ಹೊಸ ರೀತಿಯಲ್ಲಿ ಕೆಲಸ ಮಾಡತೊಡಗಿದ್ದವು. ಈ ವಿಷಯ 2017ರಲ್ಲಿ ಪ್ರಕಟವಾಯಿತು. ಅಂದರೆ ನೀವು ಈ ಪುಟ ಓದುತ್ತಿದ್ದೀರಲ್ಲ, ನಿಮ್ಮ ಮೆದುಳು ಈಗಾಗಲೇ ಬದಲಾಗಿದೆ!

ಮೆದುಳನ್ನು ಚುರುಕಾಗಿ ಇಟ್ಟುಕೊಳ್ಳಲು ಓದು ಒಂದು ದಾರಿ. ಇನ್ನೊಂದು ದಾರಿಯೂ ಇದೆ. ಅದಕ್ಕೆ ಪುಸ್ತಕ ಬೇಡ, ಕಾಸು ಬೇಡ. ಅದು ನಡಿಗೆ. ದಿನವೂ ತಪ್ಪದೆ ಬಿರುಸಾಗಿ ನಡೆಯುವುದು.

"ಕಾಲಿಗೂ ತಲೆಗೂ ಎತ್ತಣ ಸಂಬಂಧ?" ಅಂತ ಕೇಳಬಹುದು. ಸಂಬಂಧ ಇದೆ. ಹೇಗೆ ಅಂತ ನೋಡೋಣ.

ತಲೆಯ ಒಳಗೆ

ಮೆದುಳು ಗಿಣ್ಣಿನ ಹಾಗೆ ಮೆತ್ತಗಿರುತ್ತದೆ. ದೊಡ್ಡವರ ಮೆದುಳಿನ ತೂಕ ಒಂದೂಕಾಲು ಕೆಜಿಯ ಆಸುಪಾಸು. ನೂರು ಕೆಜಿಗೆ ಎರಡು ಕೆಜಿ ಲೆಕ್ಕ. ಅಷ್ಟೇ. ಆದರೆ ಅದರ ಹಸಿವು ದೊಡ್ಡದು. ನಾವು ಉಸಿರಿನಲ್ಲಿ ಎಳೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕ ಇರುತ್ತದೆ. ದೇಹ ಬಳಸುವ ಆಮ್ಲಜನಕದಲ್ಲಿ ಐದರಲ್ಲಿ ಒಂದು ಪಾಲು ಈ ಪುಟ್ಟ ಮೆದುಳಿಗೇ ಬೇಕು.

ಇದನ್ನು ಮೆದುಳಿಗೆ ಹೊತ್ತು ತರುವುದು ರಕ್ತ. ರಕ್ತವನ್ನು ಮೇಲಕ್ಕೆ ತಳ್ಳುವುದು ಹೃದಯ. ಮೆದುಳಿಗೆ ರಕ್ತ ಕೆಲವೇ ಸೆಕೆಂಡು ನಿಂತರೆ ಕಣ್ಣು ಕತ್ತಲೆ ಬಂದು ಬೀಳುತ್ತೇವೆ. ಕೆಲವು ನಿಮಿಷ ನಿಂತರೆ ಆ ಭಾಗದ ಜೀವಕೋಶಗಳು ಸಾಯತೊಡಗುತ್ತವೆ. ಲಕ್ವ ಹೊಡೆಯುವುದು ಅಂತೀವಲ್ಲ, ಎಷ್ಟೋ ಸಲ ಅದು ಹೀಗೇ ಆಗೋದು. ಮೆದುಳಿಗೆ ಹೋಗುವ ಒಂದು ರಕ್ತನಾಳ ಕಟ್ಟಿಕೊಂಡಿರುತ್ತದೆ.

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆ. ಅಲ್ಲಿ ಮೆದುಳಿನ ಮ್ಯೂಸಿಯಂ ಕೂಡ ಇದೆ. ಸತ್ತ ಮೇಲೆ ದಾನವಾಗಿ ಬಂದ ಮೆದುಳುಗಳನ್ನು ಅಲ್ಲಿ ಕಾಪಾಡಿ ಇಟ್ಟಿದ್ದಾರೆ. ಸಾಮಾನ್ಯ ಜನರೂ ಹೋಗಿ ನೋಡಬಹುದು. ಎಂಥ ಜಾಣರ ಮೆದುಳೂ ನೋಡಲು ನಮ್ಮ ನಿಮ್ಮ ಮೆದುಳಿನ ಹಾಗೇ ಇರುತ್ತದೆ. ಓದಿದವರ ಮೆದುಳಿಗೆ ಬೇರೆ ಬಣ್ಣ ಏನೂ ಇರುವುದಿಲ್ಲ.

ಮೆದುಳಿನಲ್ಲಿ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಭಾಗ ಇದೆ. ನಮಗೆ ಈಗ ಬೇಕಾದ್ದು ನೆನಪಿನ ಭಾಗ. ಎರಡೂ ಕಿವಿಯ ನೇರಕ್ಕೆ, ಒಳಗಡೆ, ಒಂದೊಂದು ಕಡೆ ಒಂದೊಂದು ಇದೆ. ಕಿರುಬೆರಳಿನಷ್ಟು ಇರುತ್ತದೆ. ನೋಡಲು ಸಮುದ್ರದಲ್ಲಿ ಸಿಗುವ ಕಡಲಕುದುರೆ ಎಂಬ ಮೀನಿನ ಹಾಗಿದೆ. ಅದಕ್ಕೇ ಡಾಕ್ಟರರು ಅದನ್ನು ಹಿಪೊಕ್ಯಾಂಪಸ್ ಅಂತ ಕರೆಯುತ್ತಾರೆ. ಕಡಲಕುದುರೆಗೆ ಗ್ರೀಕರು ಇಟ್ಟ ಹೆಸರು ಅದು. ಆ ಉದ್ದದ ಹೆಸರು ನೆನಪಿರದಿದ್ದರೂ ಪರವಾಗಿಲ್ಲ. ನಾವು ನೆನಪಿನ ಬೆರಳು ಅಂತ ಕರೆಯೋಣ.

ಇವತ್ತು ಹೊಸದಾಗಿ ಕಲಿತ ಅಕ್ಷರ, ನಿನ್ನೆ ಗ್ಯಾಸ್ ಬುಕ್ ಮಾಡಿದ್ದು, ಮಗಳ ಮನೆಗೆ ಹೋಗುವ ಬಸ್ಸಿನ ನಂಬರು, ಕೀ ಎಲ್ಲಿಟ್ಟೆ ಅನ್ನೋದು, ಇವೆಲ್ಲ ಮೊದಲು ಈ ನೆನಪಿನ ಬೆರಳಿನ ಹತ್ತಿರ ಹೋಗಬೇಕು. ಆಮೇಲೇ ತಲೆಯಲ್ಲಿ ಗಟ್ಟಿಯಾಗಿ ನಿಲ್ಲುವುದು. ವಯಸ್ಸಾದ ಹಾಗೆ ಈ ಭಾಗ ಸ್ವಲ್ಪ ಸ್ವಲ್ಪವೇ ಚಿಕ್ಕದಾಗುತ್ತ ಬರುತ್ತದೆ. ಇಳಿವಯಸ್ಸಿನಲ್ಲಿ ವರ್ಷಕ್ಕೆ ನೂರರಲ್ಲಿ ಒಂದೆರಡು ಪಾಲು ಸವೆಯುತ್ತದೆ. ಚಾಕು ಸವೆದ ಹಾಗೆ.

ಸವೆದದ್ದು ಮತ್ತೆ ಬೆಳೆಯುತ್ತದೆಯೇ? ಬೆಳೆಯೋದಿಲ್ಲ ಅಂತಲೇ ಬಹಳ ಕಾಲ ತಿಳಿದಿದ್ದರು.

ಒಂದು ವರ್ಷ ನಡೆದವರು

ಅಮೆರಿಕದಲ್ಲಿ 55ರಿಂದ 80 ವರ್ಷದೊಳಗಿನ 120 ಜನರನ್ನು ಸೇರಿಸಿದರು. ಎಲ್ಲರೂ ಹೆಚ್ಚು ಓಡಾಡದೆ ಕೂತೇ ಇರುತ್ತಿದ್ದವರು. ಅವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷ ಬಿರುಸಾಗಿ ನಡೆದರು. ಮೊದಲ ದಿನವೇ 40 ನಿಮಿಷ ಅಲ್ಲ. ಹತ್ತು ನಿಮಿಷದಿಂದ ಶುರು ಮಾಡಿ ವಾರ ವಾರ ಏರಿಸಿದರು. ಇನ್ನೊಂದು ಗುಂಪಿನವರು ಅಷ್ಟೇ ಹೊತ್ತು ನಿಂತಲ್ಲೇ ಮೈ ಕೈ ಎಳೆಯುವ, ಬಗ್ಗುವ ವ್ಯಾಯಾಮ ಮಾಡಿದರು.

ಒಂದು ವರ್ಷ ಆಯಿತು. ಎಲ್ಲರ ತಲೆಯನ್ನೂ ಸ್ಕ್ಯಾನ್ ಮಾಡಿದರು. ನಿಂತಲ್ಲೇ ವ್ಯಾಯಾಮ ಮಾಡಿದವರ ನೆನಪಿನ ಬೆರಳು ಎಂದಿನಂತೆ ಸ್ವಲ್ಪ ಸವೆದಿತ್ತು. ನಡೆದವರದ್ದು? ಸವೆಯಲೇ ಇಲ್ಲ. ನೂರಕ್ಕೆ ಎರಡು ಪಾಲು ಬೆಳೆದಿತ್ತು!

ನೂರಕ್ಕೆ ಎರಡು ಅಂದರೆ ಚಿಲ್ಲರೆ ಅನ್ನಿಸಬಹುದು. ಆದರೆ ಲೆಕ್ಕ ಹಾಕಿ ನೋಡಿ. ಒಂದೆರಡು ವರ್ಷದ ಸವೆತ ಹಿಂದಕ್ಕೆ ಹೋದ ಹಾಗೆ ಆಯಿತು. ಈ ಫಲಿತಾಂಶ 2011ರಲ್ಲಿ ಪ್ರಕಟವಾಯಿತು.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇಂಥದೇ ಒಂದು ಪ್ರಯತ್ನ ನಡೆಯಿತು. ಏಳು ಜನ ಹಿರಿಯರು ಆರು ತಿಂಗಳು ಯೋಗ ಮಾಡಿದರು. ಅವರ ತಲೆಯ ಸ್ಕ್ಯಾನಿನಲ್ಲೂ ನೆನಪಿನ ಬೆರಳು ದೊಡ್ಡದಾದದ್ದು ಕಾಣಿಸಿತು. 2013ರಲ್ಲಿ ಇದನ್ನು ಪ್ರಕಟಿಸಿದರು. ಏಳೇ ಜನ ಅನ್ನುವುದನ್ನು ಮರೆಯಬಾರದು. ಏಳು ಕಾಳು ನೋಡಿ ಇಡೀ ಮೂಟೆಯ ಬೆಲೆ ಕಟ್ಟಲು ಆಗುವುದಿಲ್ಲ. ಆದರೂ ಇದು ನಮ್ಮೂರಿನಲ್ಲೇ ಸಿಕ್ಕ ಒಳ್ಳೆಯ ಸೂಚನೆ.

ಇದು ಹೇಗೆ ಆಗುತ್ತೆ?

ಬಿರುಸಾಗಿ ನಡೆದಾಗ ಹೃದಯ ಜೋರಾಗಿ ಬಡಿಯುತ್ತದೆ. ರಕ್ತ ಜೋರಾಗಿ ಹರಿಯುತ್ತದೆ. ದಿನಾ ಹೀಗೆ ಆದರೆ ರಕ್ತನಾಳಗಳು ಮೆತ್ತಗೆ ಇರುತ್ತವೆ, ಬಿಗಿಯುವುದಿಲ್ಲ. ಬಿಪಿ ಇಳಿಯಲು ಸಹಾಯ ಆಗುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇರುತ್ತದೆ. ಮೆದುಳಿನ ಒಳಗೆ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಇವೆ. ಬಿಪಿ, ಸಕ್ಕರೆ ಎರಡೂ ಸದ್ದಿಲ್ಲದೆ ಹಾಳು ಮಾಡುವುದು ಇವನ್ನೇ. ನಡಿಗೆ ಅವನ್ನು ಕಾಪಾಡುತ್ತದೆ.

ಇನ್ನೊಂದು ವಿಷಯ ಇದೆ. ನಡೆದಾಗ ಮೆದುಳಿನಲ್ಲಿ ಒಂದು ರಸ ಹೆಚ್ಚುತ್ತದೆ. ಅದನ್ನು ಗಿಡಕ್ಕೆ ಹಾಕುವ ಗೊಬ್ಬರಕ್ಕೆ ಹೋಲಿಸಬಹುದು. ಮೆದುಳಿನ ನರಕೋಶಗಳು ಒಂದಕ್ಕೊಂದು ಕೈ ಚಾಚಿ ಹಿಡಿದುಕೊಂಡಿರುತ್ತವೆ. ಹೊಸದು ಕಲಿಯುವುದು ಅಂದರೆ ಹೊಸದಾಗಿ ಕೈ ಕೈ ಹಿಡಿಯುವುದು. ಆ ಹಿಡಿತ ಗಟ್ಟಿಯಾಗಲು ಈ ಗೊಬ್ಬರ ಬೇಕು.

ಇಲಿಗಳಲ್ಲಿ ಇನ್ನೂ ಹೆಚ್ಚಿನದನ್ನು ಕಂಡರು. ಗೂಡಿನಲ್ಲಿ ಓಡುವ ಚಕ್ರ ಇಟ್ಟರೆ ಇಲಿಗಳು ತಾವಾಗಿ ಓಡುತ್ತವೆ. ಹೀಗೆ ಓಡಿದ ಇಲಿಗಳ ನೆನಪಿನ ಭಾಗದಲ್ಲಿ ಹೊಸ ಕೋಶಗಳೇ ಹುಟ್ಟಿದ್ದವು. ಇದು 1999ರಲ್ಲಿ ಗೊತ್ತಾಯಿತು. ದೊಡ್ಡ ವಯಸ್ಸಿನ ಮನುಷ್ಯರಲ್ಲೂ ಹಾಗೆ ಹೊಸ ಕೋಶ ಹುಟ್ಟುತ್ತದೆಯೇ ಎಂಬುದರಲ್ಲಿ ವಿಜ್ಞಾನಿಗಳು ಇನ್ನೂ ಜಗಳ ಆಡುತ್ತಿದ್ದಾರೆ. ಆಡಲಿ. ನಮ್ಮ ನಡಿಗೆಗೆ ಆ ತೀರ್ಪು ಬರುವ ತನಕ ಕಾಯಬೇಕಿಲ್ಲ.

ಕಲಿಕೆಗೂ ಇದರಿಂದ ಉಪಯೋಗ ಇದೆ. ಜರ್ಮನಿಯಲ್ಲಿ ಕೆಲವು ಯುವಕರನ್ನು ಜೋರಾಗಿ ಓಡಿಸಿ, ಆಮೇಲೆ ಹೊಸ ಪದಗಳನ್ನು ಕಲಿಸಿದರು. ಓಡದೆ ಸುಮ್ಮನೆ ಕೂತು ಕಲಿತ ದಿನಕ್ಕಿಂತ ಓಡಿ ಕಲಿತ ದಿನ ಅವರಿಗೆ ಪದಗಳು ಬೇಗ ಬಂದವು. ನೂರಕ್ಕೆ ಇಪ್ಪತ್ತು ಪಾಲು ಬೇಗ. ಇದು 2007ರ ಮಾತು. ನೀವು ಸೀರೆ ಎತ್ತಿ ಕಟ್ಟಿ ಓಡಿ ಅಂತ ನಾವು ಹೇಳುತ್ತಿಲ್ಲ. ಆದರೆ ಅಕ್ಷರ ಕಲಿಯಲು ಬರುವಾಗ ಮಗನ ಗಾಡಿಯ ಹಿಂದೆ ಕೂತು ಬರುವ ಬದಲು, ಸ್ವಲ್ಪ ಬೇಗ ಹೊರಟು ನಡೆದು ಬನ್ನಿ.

ಮನಸ್ಸಿನ ಭಾರಕ್ಕೂ ನಡಿಗೆ ಒಳ್ಳೆಯದು. ರಾತ್ರಿ ನಿದ್ದೆ ಬರುವುದಿಲ್ಲ, ಯಾವುದರಲ್ಲೂ ಆಸೆ ಇಲ್ಲ, ಸುಮ್ಮನೆ ಅಳು ಬರುತ್ತೆ, ಹೀಗೆ ಎಷ್ಟೋ ಜನ ಒಳಗೊಳಗೇ ನುಂಗಿಕೊಂಡು ಇರ್ತಾರೆ. ದಿನಾ ನಡೆಯುವವರಿಗೆ ಇಂಥ ಬೇಸರ ಕಡಿಮೆ ಆಗುತ್ತದೆ, ನಿದ್ದೆ ಸುಧಾರಿಸುತ್ತದೆ ಅಂತ ಅನೇಕ ದೇಶಗಳಲ್ಲಿ ಕಂಡುಕೊಂಡಿದ್ದಾರೆ. ಭಾರ ಇಳಿಯದೇ ಇದ್ದರೆ ಡಾಕ್ಟರ ಹತ್ತಿರ ಹೇಳಿಕೊಳ್ಳಬೇಕು. 14416 ನಂಬರಿಗೆ ಫೋನ್ ಮಾಡಿದರೆ ಕಾಸಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರಿನಲ್ಲಿ ಶುರುವಾಯಿತು.

"ನಾವು ಬೆಳಗ್ಗೆಯಿಂದ ರಾತ್ರಿವರೆಗೆ ದುಡೀತೀವಲ್ಲ!"

ವ್ಯಾಯಾಮದ ಮಾತು ಎತ್ತಿದರೆ ಹೆಂಗಸರು ಮೊದಲು ಕೇಳುವುದು ಇದನ್ನೇ. "ನಮ್ಮ ಕೆಲಸವೇ ನಮಗೆ ವ್ಯಾಯಾಮ. ವಾಕಿಂಗ್ ಎಲ್ಲ ಕೂತು ತಿನ್ನೋರಿಗೆ." ಇದು ನ್ಯಾಯವಾದ ಮಾತು. ಇದಕ್ಕೆ ಸರಿಯಾದ ಉತ್ತರ ಕೊಡಬೇಕು.

ಮನೆಗೆಲಸ ಲೆಕ್ಕಕ್ಕೆ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೀರು ಬರದ ದಿನ ಬಿಂದಿಗೆ ಹೊತ್ತು ಎರಡನೇ ಮಹಡಿಗೆ ಹತ್ತುತ್ತೀರಲ್ಲ, ಅದು ವ್ಯಾಯಾಮವೇ. ಕುಕ್ಕರುಗಾಲಲ್ಲಿ ಕೂತು ಮನೆಯೆಲ್ಲ ಒರೆಸುವುದು, ಕಲ್ಲಿನ ಮೇಲೆ ಬೆಡ್‌ಶೀಟ್ ಕುಕ್ಕಿ ಒಗೆಯುವುದು, ಇವೂ ವ್ಯಾಯಾಮವೇ. ಉಸಿರು ಏರಿತು, ಬೆವರು ಬಂತು ಅಂದರೆ ಅದು ಲೆಕ್ಕಕ್ಕೆ ಸೇರಿತು.

ಆದರೆ ಎಲ್ಲ ಕೆಲಸವೂ ಹಾಗಲ್ಲ. ಸಿಂಕಿನ ಮುಂದೆ ಒಂದು ಗಂಟೆ ನಿಂತು ಪಾತ್ರೆ ತೊಳೆದರೆ ಕೈ ಓಡುತ್ತದೆ. ಕಾಲು ನಿಂತಲ್ಲೇ ಇರುತ್ತದೆ. ಸೊಂಟ ಹಿಡಿಯುತ್ತದೆ. ಗಾರ್ಮೆಂಟ್ಸ್‌ನಲ್ಲಿ ಎಂಟು ಗಂಟೆ ಮಿಷಿನ್ ಮುಂದೆ ಕೂತವರದ್ದು ಇನ್ನೂ ಕಷ್ಟ. ಕಣ್ಣು ಸೂಜಿಯ ಮೇಲೆ, ಕಾಲು ಪೆಡಲ್ ಮೇಲೆ, ಮನಸ್ಸು ಟಾರ್ಗೆಟ್ ಮೇಲೆ. ನೀರು ಕುಡಿಯಲೂ ಏಳುವುದಿಲ್ಲ. ಸಂಜೆ ಮೈಯೆಲ್ಲ ನೋವು. ಆದರೆ ಹೃದಯ ದಿನವಿಡೀ ಒಂದೇ ಒಂದು ಸಲವೂ ಜೋರಾಗಿ ಬಡಿದಿರುವುದಿಲ್ಲ. ಸುಸ್ತಾಗುವುದೇ ಬೇರೆ, ವ್ಯಾಯಾಮವೇ ಬೇರೆ.

ಕೂತು ಮಾಡುವ ಕೆಲಸಕ್ಕೂ ಓಡಾಡುವ ಕೆಲಸಕ್ಕೂ ಇರುವ ವ್ಯತ್ಯಾಸ ಮೊದಲು ಚೆನ್ನಾಗಿ ತಿಳಿದದ್ದು ಬಸ್ಸಿನಲ್ಲಿ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನಲ್ಲಿ. ಅಂಥ ಬಸ್ಸುಗಳು ಹಿಂದೆ ನಮ್ಮ ಬೆಂಗಳೂರಲ್ಲೂ ಓಡುತ್ತಿದ್ದವು, ದೊಡ್ಡವರಿಗೆ ನೆನಪಿರಬಹುದು. ಜೆರ್ರಿ ಮಾರಿಸ್ ಎಂಬ ಡಾಕ್ಟರು ಲಂಡನ್ನಿನ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿದರು. ಒಂದೇ ಬಸ್ಸು, ಒಂದೇ ದಾರಿ. ಡ್ರೈವರು ಕೂತೇ ಇರುತ್ತಾನೆ. ಕಂಡಕ್ಟರು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯದ ಕಾಯಿಲೆ ಕಂಡಕ್ಟರುಗಳಿಗೆ ಕಡಿಮೆ ಇತ್ತು. 1953ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಹಾಗಾದರೆ ಹೆಚ್ಚು ಹೆಚ್ಚು ದುಡಿದಷ್ಟೂ ಒಳ್ಳೆಯದಾ? ಅದೂ ಇಲ್ಲ. ಡೆನ್ಮಾರ್ಕ್ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ತೆಗೆದರು. ಬಿಡುವಿನಲ್ಲಿ ತಾವಾಗಿ ನಡೆಯುವವರು, ಸೈಕಲ್ ಹೊಡೆಯುವವರು, ಇವರಿಗೆ ಹೃದಯದ ಕಾಯಿಲೆ ಕಡಿಮೆ. ಕೆಲಸದ ಜಾಗದಲ್ಲಿ ದಿನವಿಡೀ ಮೈಮುರಿದು ದುಡಿಯುವವರಿಗೆ ಆ ಲಾಭ ಸಿಗಲಿಲ್ಲ. ಅವರಿಗೆ ಕಾಯಿಲೆ ಹೆಚ್ಚೇ ಇತ್ತು. ಇದು 2021ರ ವರದಿ. ಇದು ಹೃದಯದ ವಿಷಯ ನಿಜ. ಆದರೆ ಮೆದುಳಿಗೆ ರಕ್ತ ಕಳಿಸುವುದು ಅದೇ ಹೃದಯ ತಾನೆ?

ಯಾಕೆ ಹೀಗೆ? ಸಂಶೋಧಕರು ಹೇಳುವುದು ಹೀಗಿದೆ. ದುಡಿಮೆಯಲ್ಲಿ ಭಾರ ಎತ್ತುವುದು, ನಿಲ್ಲುವುದು ಗಂಟೆಗಟ್ಟಲೆ ಸಾಗುತ್ತೆ. ನಡುವೆ ಬೇಕೆಂದಾಗ ಕೂರುವ ಹಾಗಿಲ್ಲ. ಬಿಪಿ ಏರಿದ್ದು ಏರಿದ ಹಾಗೇ ಇರುತ್ತದೆ. ನಡಿಗೆ ಹಾಗಲ್ಲ. ನಿಮ್ಮ ವೇಗ, ನಿಮ್ಮ ಇಷ್ಟ. ಮುಗಿದ ಮೇಲೆ ಕೂತು ಸುಧಾರಿಸಿಕೊಳ್ಳಬಹುದು.

ಆದ್ದರಿಂದ ಕೆಲಸದ ಮೇಲೆ ಇದೊಂದು ಹೊಸ ಕೆಲಸ ಅಂತ ತಿಳಿಯಬೇಡಿ. ಅರ್ಧ ಗಂಟೆ ಕೆಲಸ ಕಡಿಮೆ ಆಗಬೇಕು, ಆ ಅರ್ಧ ಗಂಟೆ ನಡಿಗೆಗೆ ಸಿಗಬೇಕು. ಅದನ್ನು ಮನೆಯವರು ಬಿಟ್ಟು ಕೊಡಬೇಕು. ನಮಗೆ ಕಾಣುವುದೇನೆಂದರೆ ಹೆಂಗಸರ ನಡಿಗೆಗೆ ಅಡ್ಡ ಬರುವುದು ಮಂಡಿ ನೋವಿಗಿಂತ ಹೆಚ್ಚಾಗಿ ಒಲೆ. ಗಂಡಸರು ಬೆಳಗ್ಗೆ ವಾಕಿಂಗ್ ಹೋಗಿ ಬಂದು ಕಾಫಿ ಕೇಳುತ್ತಾರೆ. ಒಂದು ದಿನ ಕಾಫಿ ಅವರೇ ಕಾಯಿಸಲಿ. ಹಾಲು ಉಕ್ಕಿದರೆ ಒರೆಸುವುದನ್ನೂ ಕಲಿಯುತ್ತಾರೆ.

ಅರಳು ಮರಳು

"ಅರವತ್ತಕ್ಕೆ ಅರಳು ಮರಳು" ಅಂತ ನಮ್ಮಲ್ಲಿ ಗಾದೆ ಇದೆ. ಊಟ ಮಾಡಿದ್ದು ಮರೆತು ಮತ್ತೆ ಊಟ ಕೇಳುವುದು, ತನ್ನ ಮನೆಯ ದಾರಿ ತಪ್ಪುವುದು, ಹೆತ್ತ ಮಗಳನ್ನೇ "ನೀ ಯಾರು?" ಅನ್ನುವುದು, ಇದನ್ನೆಲ್ಲ ವಯಸ್ಸಿನ ಗುಣ ಅಂತ ಬಿಟ್ಟು ಬಿಡುತ್ತೇವೆ. ಇದು ವಯಸ್ಸಿನ ಗುಣ ಅಲ್ಲ. ಕಾಯಿಲೆ. ಡಿಮೆನ್ಷಿಯಾ ಅಂತ ಅದರ ಹೆಸರು. ಮರೆವಿನ ಕಾಯಿಲೆ ಅನ್ನಬಹುದು.

2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಗಂಡಸರಲ್ಲಿ ನೂರಕ್ಕೆ ಸುಮಾರು ಆರು ಜನಕ್ಕೆ. ಹೆಂಗಸರಲ್ಲಿ ನೂರಕ್ಕೆ ಒಂಬತ್ತು ಜನಕ್ಕೆ. ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಶಾಲೆಗೆ ಹೋಗದವರಲ್ಲಿ ಹೆಚ್ಚು.

ಈ ಲೆಕ್ಕವನ್ನು ಇನ್ನೊಂದು ಸಲ ಓದಿ. ಹೆಣ್ಣುಮಗು ಅಂತ ಶಾಲೆಗೆ ಕಳಿಸಲಿಲ್ಲ. ಅದರ ಸಾಲವನ್ನು ಅವಳು ಮುಪ್ಪಿನಲ್ಲಿ ತೀರಿಸುತ್ತಿದ್ದಾಳೆ. ಓದು ಅನ್ನೋದು ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ದುಡ್ಡಿನ ಹಾಗೆ. ಮೆದುಳಿಗೆ ಕಷ್ಟ ಬಂದಾಗ ಅದು ಕೈಗೆ ಬರುತ್ತದೆ. ನಮ್ಮ ತಾಯಂದಿರಿಗೆ ಆ ಡಬ್ಬಿ ತುಂಬುವ ಅವಕಾಶ ಸಿಗಲಿಲ್ಲ.

2024ರಲ್ಲಿ ಬೇರೆ ಬೇರೆ ದೇಶಗಳ ತಜ್ಞರು ಸೇರಿ ಒಂದು ವರದಿ ಕೊಟ್ಟರು. ಮರೆವಿನ ಕಾಯಿಲೆಗೆ ದಾರಿ ಮಾಡುವ, ಆದರೆ ನಾವು ತಡೆಯಬಹುದಾದ 14 ಕಾರಣಗಳನ್ನು ಅದರಲ್ಲಿ ಹೇಳಿದ್ದಾರೆ. ಓದು ಇಲ್ಲದಿರುವುದು, ಮೈಗೆ ವ್ಯಾಯಾಮ ಇಲ್ಲದಿರುವುದು, ಬಿಪಿ, ಸಕ್ಕರೆ, ಕಿವಿ ಮಂದ ಆಗುವುದು, ಕಣ್ಣು ಮಂದ ಆಗುವುದು, ಹೊಗೆಯ ಗಾಳಿ, ಒಬ್ಬರೇ ಒಂಟಿಯಾಗಿ ಇರುವುದು, ಇವೆಲ್ಲ ಅದರಲ್ಲಿ ಇವೆ. ಇವಷ್ಟನ್ನೂ ತಡೆದರೆ ನೂರರಲ್ಲಿ 45 ಪ್ರಕರಣಗಳನ್ನು ತಡೆಯಬಹುದು, ಇಲ್ಲವೇ ಮುಂದಕ್ಕೆ ಹಾಕಬಹುದು ಎಂದು ಅವರ ಅಂದಾಜು. ನಾಲ್ಕು ಹೆಂಗಸರು ಸೇರಿ ಅಕ್ಷರ ಕಲಿತು, ಮಾತಾಡುತ್ತ ನಡೆದು ಮನೆಗೆ ಹೋದರೆ ಇದರಲ್ಲಿ ಮೂರು ಕಾರಣಕ್ಕೆ ಒಟ್ಟಿಗೇ ಏಟು ಬಿತ್ತು.

ಒಂದು ವಿಷಯ ಮುಚ್ಚಿಡಬಾರದು. ಕಾಯಿಲೆ ಬಂದ ಮೇಲೆ ನಡಿಗೆ ಅದನ್ನು ವಾಸಿ ಮಾಡುವುದಿಲ್ಲ. ಇಂಗ್ಲೆಂಡಿನಲ್ಲಿ ಮರೆವಿನ ಕಾಯಿಲೆ ಇದ್ದವರಿಗೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿ ನೋಡಿದರು. ಮೈಗೆ ಶಕ್ತಿ ಬಂತು. ಮರೆವು ಮಾತ್ರ ಕಡಿಮೆ ಆಗಲಿಲ್ಲ. 2018ರಲ್ಲಿ ಅವರೇ ಇದನ್ನು ಹೇಳಿದರು. ಆದ್ದರಿಂದ "ನಡೆದರೆ ಅಜ್ಜಿಗೆ ಎಲ್ಲ ನೆನಪು ಬರುತ್ತೆ" ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಅಜ್ಜಿಯನ್ನು ಡಾಕ್ಟರಿಗೆ ತೋರಿಸಿ. ನಡೆಯಬೇಕಾದವರು ನಲವತ್ತು, ಐವತ್ತರಲ್ಲಿ ಇರುವ ನೀವು. ಕಾಯಿಲೆ ಬರುವ ಎಷ್ಟೋ ವರ್ಷ ಮೊದಲೇ ಮೆದುಳಿನ ಒಳಗೆ ಅದರ ಕೆಲಸ ಶುರುವಾಗಿರುತ್ತದೆ.

ಈ ಎಷ್ಟೋ ವರ್ಷಗಳಲ್ಲಿ ಏನಾಗುತ್ತೆ ಅಂತ ತಿಳಿಯಲು ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಕೆಲಸ ನಡೆಯುತ್ತಿದೆ. ಕೋಲಾರ ಜಿಲ್ಲೆಯಲ್ಲಿ ಶ್ರೀನಿವಾಸಪುರ ತಾಲ್ಲೂಕು ಇದೆ. ಮಾವಿನ ಹಣ್ಣಿಗೆ ಹೆಸರಾದ ಊರು. ಅಲ್ಲಿನ ಹಳ್ಳಿಗಳ 45 ವರ್ಷ ದಾಟಿದ ಜನರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 2018ರಿಂದ ಪರೀಕ್ಷೆ ಮಾಡುತ್ತಾ ಬಂದಿದ್ದಾರೆ. ರಕ್ತ, ನೆನಪು, ನಡೆಯುವ ರೀತಿ ಎಲ್ಲವನ್ನೂ ನೋಡುತ್ತಾರೆ. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವ ಗುರಿ ಇಟ್ಟುಕೊಂಡರು. ಇಷ್ಟು ವರ್ಷ ಈ ವಿಷಯದಲ್ಲಿ ಹೆಚ್ಚಿನ ಲೆಕ್ಕವೆಲ್ಲ ಬಿಳಿಯರ ದೇಶಗಳದ್ದು. ನಮ್ಮ ಹೊಲದಲ್ಲಿ ದುಡಿಯುವ, ರಾಗಿ ಮುದ್ದೆ ತಿನ್ನುವ ಜನರ ಲೆಕ್ಕ ಇದರಿಂದ ಸಿಗುತ್ತದೆ.

ಎಷ್ಟು ನಡೆಯಬೇಕು? ಎಲ್ಲಿ?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ವಾರಕ್ಕೆ ಕಡೇ ಪಕ್ಷ 150 ನಿಮಿಷ ಬೇಕು. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ. ಒಂದೇ ಸಲ ಅರ್ಧ ಗಂಟೆ ಸಿಗದಿದ್ದರೆ ಬೆಳಗ್ಗೆ ಹದಿನೈದು, ಸಂಜೆ ಹದಿನೈದು. ಅದೂ ಆಗದಿದ್ದರೆ ಹತ್ತು. ಏನೂ ಇಲ್ಲದ್ದಕ್ಕಿಂತ ಹತ್ತು ನಿಮಿಷ ಮೇಲು.

ಬಿರುಸು ಅಂದರೆ ಎಷ್ಟು ಬಿರುಸು? ಗಡಿಯಾರ ಬೇಡ, ಮೊಬೈಲ್ ಬೇಡ. ನಡೆಯುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು. ಆದರೆ ಸೋಬಾನೆ ಪದ ಹಾಡಲು ಉಸಿರು ಸಾಲಬಾರದು. ಆರಾಮಾಗಿ ಹಾಡು ಬರುತ್ತಿದ್ದರೆ ಇನ್ನೂ ಸ್ವಲ್ಪ ಬೇಗ ಹೆಜ್ಜೆ ಹಾಕಿ. ಮಾತೂ ಬರುತ್ತಿಲ್ಲ ಅಂದರೆ ನಿಧಾನ ಮಾಡಿ.

ಮೈಸೂರು ರಸ್ತೆಯ ಪಕ್ಕದಲ್ಲಿ ನಡೆಯುವುದು ಬೇಡ. ಲಾರಿ, ಬಸ್ಸುಗಳ ಹೊಗೆ ಮೆದುಳಿಗೂ ಕೆಟ್ಟದ್ದು ಅಂತ ಮೇಲೆ ಓದಿದಿರಲ್ಲ. ಉಪನಗರದ ಒಳಗಿನ ಅಡ್ಡರಸ್ತೆಗಳು, ಪಾರ್ಕುಗಳು ವಾಸಿ. ಒಬ್ಬರೇ ಹೋಗಲು ಮುಜುಗರ ಆದರೆ ಇಬ್ಬರು ಮೂವರು ಸೇರಿ ಹೋಗಿ. ಮೊದಲ ವಾರ ಬೀದಿಯವರು ನೋಡುತ್ತಾರೆ. ಎರಡನೇ ವಾರ ಅವರಿಗೂ ಬೇಜಾರಾಗಿ ಸುಮ್ಮನಾಗುತ್ತಾರೆ. ಹವಾಯಿ ಚಪ್ಪಲಿ ಬೇಡ, ಜಾರುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಸಾಕು. ಸಾವಿರಾರು ರೂಪಾಯಿಯ ಶೂ ಯಾರೂ ಕೊಳ್ಳಬೇಕಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಇದರಿಂದ ಎಷ್ಟೋ ಜನಕ್ಕೆ ಅನುಕೂಲ ಆಗಿದೆ. ಒಳ್ಳೆಯದೇ. ಆದರೆ ದುಡ್ಡಿಲ್ಲ ಅಂತ ಒಂದೇ ಒಂದು ಸ್ಟಾಪಿಗೂ ಬಸ್ಸು ಹತ್ತಿದರೆ ನಮ್ಮ ಕಾಲಿಗೆ ನಾವೇ ಮೋಸ ಮಾಡಿದ ಹಾಗೆ. ದೂರಕ್ಕೆ ಬಸ್ಸು ಹತ್ತಿ, ಒಂದು ಸ್ಟಾಪು ಮೊದಲೇ ಇಳಿಯಿರಿ. ಮೆಟ್ರೋದಲ್ಲಿ ಓಡಾಡುವವರು ಲಿಫ್ಟಿನ ಸಾಲಲ್ಲಿ ನಿಲ್ಲುವ ಬದಲು, ಮಂಡಿ ಗಟ್ಟಿ ಇದ್ದರೆ ಮೆಟ್ಟಿಲು ಹತ್ತಿ. ಕೆಂಗೇರಿಗೆ ಮೆಟ್ರೋ 2021ರ ಆಗಸ್ಟಿನಲ್ಲಿ ಬಂತು. ರೈಲು ಮೇಲುಗಡೆ ಓಡುವುದರಿಂದ ಮೆಟ್ಟಿಲಿಗೆ ಅಲ್ಲಿ ಬರ ಇಲ್ಲ.

ನಡೆಯುವಾಗ ಎದೆ ಹಿಡಿದ ಹಾಗೆ ಆದರೆ, ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ ಡಾಕ್ಟರನ್ನು ಕಾಣಿ. ಬಿಪಿ, ಸಕ್ಕರೆ, ಹೃದಯದ ತೊಂದರೆ ಇದ್ದವರು, ಬಸುರಿಯರು, ಬಾಣಂತಿಯರು ಮೊದಲೇ ಕೇಳಿಕೊಂಡು ಶುರು ಮಾಡಬೇಕು. ನಿಮ್ಮ ಬೀದಿಗೆ ಬರುವ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹತ್ತಿರದ ಸರ್ಕಾರಿ ಆಸ್ಪತ್ರೆ ತೋರಿಸುತ್ತಾರೆ. ಮಂಡಿ ನೋವು ಇದ್ದವರು ಸಮನೆಲದಲ್ಲಿ ನಿಧಾನವಾಗಿ ನಡೆಯಬಹುದು.

ಹಬ್ಬ ಬಂತು, ನೆಂಟರು ಬಂದರು, ಮಗುವಿಗೆ ಜ್ವರ ಬಂತು, ಹತ್ತು ದಿನ ನಡಿಗೆ ತಪ್ಪಿತು. ಹೀಗೆ ಎಲ್ಲರಿಗೂ ಆಗುತ್ತೆ. ಹನ್ನೊಂದನೇ ದಿನ ಹತ್ತು ನಿಮಿಷದಿಂದ ಮತ್ತೆ ಶುರು ಮಾಡಿ.

ನಡಿಗೆಯ ಜೊತೆ ಓದನ್ನೂ ಸೇರಿಸಬಹುದು. ಅಂಗಡಿ ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು ಅಂತ 2024ರಲ್ಲಿ ನಮ್ಮ ರಾಜ್ಯದ ಕಾನೂನಿಗೆ ತಿದ್ದುಪಡಿ ಆಗಿದೆ. ದಾರಿಯುದ್ದಕ್ಕೂ ನಿಮಗೆ ಓದಲು ಪಾಠ ಬರೆದಿಟ್ಟ ಹಾಗಾಯಿತು. ಇವತ್ತು ಐದು ಬೋರ್ಡು ಓದಿ. ಒತ್ತಕ್ಷರ ಇರುವುದನ್ನೇ ಹುಡುಕಿ ಓದಿ. ಔಷಧದ ಅಂಗಡಿ, ಹಿಟ್ಟಿನ ಗಿರಣಿ, ಪಾತ್ರೆ ಅಂಗಡಿ, ಕೆಂಗೇರಿ ಬಸ್ ಟರ್ಮಿನಲ್. ಓದುವಾಗ ಮಾತ್ರ ನಿಂತು ಓದಿ. ಮೇಲೆ ಬೋರ್ಡು ನೋಡುತ್ತ ಹೋದರೆ ಕೆಳಗೆ ಚರಂಡಿಯ ಕಲ್ಲು ಎಲ್ಲಿ ಎದ್ದಿರುತ್ತೋ ಗೊತ್ತಾಗುವುದಿಲ್ಲ. ಮನೆಗೆ ಬಂದ ಮೇಲೆ ಆ ಐದು ಹೆಸರನ್ನು ನೋಡದೆ ಬರೆಯಿರಿ. ಮರೆತು ಹೋದದ್ದನ್ನು ನಾಳೆ ಅದೇ ದಾರಿಯಲ್ಲಿ ಮತ್ತೆ ನೋಡಿಕೊಂಡು ಬನ್ನಿ.